ಹುಲ್ಲಿನಲ್ಲಿ ಬಿದ್ದ ಪ್ರೊಪೆಲ್ಲರ್

"ಗುರುಗಳೇ, ತಪ್ಪು ನನ್ನ ಗೆಳೆಯ ಹಾಲೇಶನದು. ಅವನಾಗಿ ಬಂದು ಮಾತಾಡಿಸುವವರೆಗೆ ನಾನು ಮಾತಾಡುವುದಿಲ್ಲ. ಎರಡು ವರ್ಷದಿಂದ ಗಟ್ಟಿಯಾಗಿ ನಿಂತಿದ್ದೇನೆ. ಇಷ್ಟು ಗಟ್ಟಿ ಇರುವುದು ಸರಿಯಲ್ಲವೇ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ನಕ್ಕರು. "ಗಟ್ಟಿ ಇರುವುದರಲ್ಲಿ ನಿನಗೊಬ್ಬ ಹಿರಿಯಣ್ಣನಿದ್ದಾನೆ ಮಾರಾಯ. ಅವನ ಕತೆ ಕೇಳು" ಎಂದು ಹೇಳತೊಡಗಿದರು.

ಒಬ್ಬ ಬಡಗಿ, ಒಬ್ಬ ರೇಡಿಯೋ ರಿಪೇರಿಯವನು. ಬಾಲ್ಯದ ಗೆಳೆಯರು. ಇಬ್ಬರಿಗೂ ಆಟದ ವಿಮಾನದ ಹುಚ್ಚು. ತಲೆ ನರೆತರೂ ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಬಡಗಿ ಹಗುರ ಮರದಲ್ಲಿ ವಿಮಾನದ ಮೈ ಮಾಡುತ್ತಿದ್ದ. ಗೆಳೆಯ ಹೆಬ್ಬೆರಳು ಗಾತ್ರದ ಮೋಟಾರಿಗೆ ತಾನೇ ತಂತಿ ಸುತ್ತುತ್ತಿದ್ದ. ಮೋಟಾರಿನ ಕಡ್ಡಿಯ ತುದಿಗೆ ಗಿರಿಗಿರಿ ತಿರುಗುವ ಪುಟ್ಟ ಪ್ರೊಪೆಲ್ಲರ್ ಇಟ್ಟು, ಅದು ಬೀಳದಂತೆ ಒಂದು ರಬ್ಬರ್ ಬ್ಯಾಂಡ್ ಸಿಕ್ಕಿಸುತ್ತಿದ್ದ. ಭಾನುವಾರ ಊರಾಚೆಯ ಬಯಲಿನಲ್ಲಿ ಹಾರಿಸುತ್ತಿದ್ದರು.

ಇಳಿಯುವಾಗ ವಿಮಾನದ ಮೂತಿ ನೆಲಕ್ಕೆ ತಾಗುತ್ತಿತ್ತು. ಪ್ರೊಪೆಲ್ಲರ್ ಕಳಚಿ ಎಲ್ಲೋ ಹಾರುತ್ತಿತ್ತು. ಇಬ್ಬರೂ ಹುಲ್ಲಿನಲ್ಲಿ ಅಂಬೆಗಾಲಿಟ್ಟು ಹುಡುಕುತ್ತಿದ್ದರು. ಹುಡುಕುತ್ತ ಶಾಲೆಯ ಮಾತು, ಮೇಷ್ಟರ ಏಟಿನ ಮಾತು, ಹೆಂಡಿರ ಮೇಲಿನ ದೂರು. ಯಾರಿಗೆ ಸಿಕ್ಕಿತೋ ಅವನು "ಸಿಕ್ತು ಕಣೋ" ಎಂದು ಕೂಗುತ್ತಿದ್ದ. ಹತ್ತು ನಿಮಿಷ ಹಾರಾಟ, ಒಂದು ಗಂಟೆ ಹುಡುಕಾಟ.

ಬಡಗಿಗೆ ಬೇಸರ ಬಂತು. "ಜಡೆಗೆ ಹಾಕೋ ರಬ್ಬರಿನಲ್ಲಿ ವಿಮಾನ ಕಟ್ತಾರೇನೋ?" ಎಂದ.

"ನೆಲಕ್ಕೆ ಬಡಿದಾಗ ಯಾವುದಾದರೂ ಒಂದು ಸೋಲಬೇಕಲ್ಲಪ್ಪ. ಇದು ಸೋತರೆ ಮತ್ತೆ ಹಾಕಿಕೊಳ್ಳಬಹುದು" ಎಂದ ಗೆಳೆಯ.

ಬಡಗಿಯ ಕಸುಬಿನಲ್ಲಿ ಕೂಡಿಸಿದ್ದು ಬಿಚ್ಚಿಕೊಂಡರೆ ಅವಮಾನ. ಒಂದು ಶನಿವಾರ ಗೆಳೆಯನಿಗೆ ಹೇಳದೆ ರಬ್ಬರ್ ಕಿತ್ತು, ಪ್ರೊಪೆಲ್ಲರನ್ನು ಕಡ್ಡಿಗೆ ಅಂಟು ಹಾಕಿ ಕೂರಿಸಿಬಿಟ್ಟ. ಮರುದಿನ ವಿಮಾನ ಎಂದಿನಂತೆ ಮೂತಿ ಊರಿತು. ಪ್ರೊಪೆಲ್ಲರ್ ಅಲುಗಲಿಲ್ಲ. ಕಡ್ಡಿ ಬಾಗಿತು, ಒಳಗಿನ ತಂತಿ ಹರಿಯಿತು. ಗೆಳೆಯ ತಿಂಗಳುಗಟ್ಟಲೆ ಕೂತು ಸುತ್ತಿದ ಮೋಟಾರು ಅದು.

ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಡಗಿ "ನಿನ್ನ ಮೋಟಾರಿಗೇ ದಮ್ಮಿಲ್ಲ" ಎಂದುಬಿಟ್ಟ. ಗೆಳೆಯ ಮೋಟಾರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ಹೋದ. ಅವನೇ ಬರಲಿ ಎಂದು ಇವನು ಕೂತ, ಇವನೇ ಬರಲಿ ಎಂದು ಅವನು. ನಡುವೆ ಇದ್ದದ್ದು ಎರಡು ಬೀದಿ.

ಮೂರನೆಯ ವರ್ಷ ಗೆಳೆಯ ತೀರಿಕೊಂಡ. ಅವನ ಹೆಂಡತಿ ಬಡಗಿಗೆ ಒಂದು ಡಬ್ಬಿ ಕಳಿಸಿದಳು. ಒಳಗೆ ಅದೇ ಮೋಟಾರು. ಕಡ್ಡಿ ನೆಟ್ಟಗಾಗಿತ್ತು, ತಂತಿ ಹೊಸದು. ಜೊತೆಗೆ ಒಂದು ಹಿಡಿ ರಬ್ಬರ್ ಬ್ಯಾಂಡು.

ಆ ಭಾನುವಾರ ಬಡಗಿ ಒಬ್ಬನೇ ಬಯಲಿಗೆ ಹೋದ. ರಬ್ಬರ್ ಹಾಕಿಯೇ ಹಾರಿಸಿದ. ಮೂತಿ ತಾಗಿತು, ಪ್ರೊಪೆಲ್ಲರ್ ಹಾರಿತು. ಮಂಡಿಯೂರಿ ಹುಡುಕಿದ. "ಸಿಕ್ತು ಕಣೋ" ಎಂದು ಕೂಗಿ ಹಿಂದಕ್ಕೆ ತಿರುಗಿದ. ಬದುಕಿನಲ್ಲಿ ಸುಖವಾಗಿದ್ದದ್ದು ಆ ಹುಡುಕಾಟದ ಗಂಟೆಗಳಲ್ಲೇ ಎಂದು ಅವನಿಗೆ ತಿಳಿದದ್ದು ಆಗ. ಪ್ರೊಪೆಲ್ಲರ್ ಹಿಡಿದುಕೊಂಡು ಅಲ್ಲೇ ಕೂತು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ, "ಅಲ್ಲಿ ತಪ್ಪು ಬಡಗಿಯದು. ಇಲ್ಲಿ ತಪ್ಪು ಹಾಲೇಶನದೇ ಅಲ್ಲವೇ?" ಎಂದ.

"ಅವನದೇ ಇರಲಿ ಬಿಡು," ಎಂದರು ಗುರುಗಳು, "ಅವನು ಇನ್ನೂ ಇದ್ದಾನಲ್ಲ?"