ಸಾಹೇಬರು ಉಳಿಸಿದ ಮರ

ನಗರದ ಹಳೇ ಉದ್ಯಾನಕ್ಕೆ ನೂರು ವರ್ಷ ತುಂಬಿತೆಂದು ಬಡಾವಣೆಯವರೆಲ್ಲ ಸೇರಿ ಹಬ್ಬ ಮಾಡುತ್ತಿದ್ದರು. ಮುಖ್ಯ ಅತಿಥಿ ಕಾರ್ಪೊರೇಟರ್ ಪುಟ್ಟಶಾಮಯ್ಯ ಕಾರಿನಿಂದ ಇಳಿದವರೇ ಸಂಘಟಕರನ್ನು ಪಕ್ಕಕ್ಕೆ ಕರೆದು ಗದರಿದರು.

"ನನ್ನ ಕಟೌಟ್‌ಗೆ ಆ ಗೋಣಿಮರ ಅಡ್ಡ ಬಂದಿದೆ. ಈಗಲೇ ಕಡಿಸಿ!"

ಸಂಘಟಕರು ಬೆಚ್ಚಿಬಿದ್ದರು. ಅಲ್ಲೇ ಕಸ ಗುಡಿಸುತ್ತಿದ್ದ ನಿಂಗಾಜಮ್ಮ ಪೊರಕೆ ಬಿಟ್ಟು, ವೇದಿಕೆ ಹತ್ತಿ ಮೈಕ್ ಹಿಡಿದಳು.

"ನಮ್ಮ ಸಾಹೇಬ್ರದು ಎಂಥ ದೊಡ್ಡ ಮನಸ್ಸು ನೋಡ್ರಪ್ಪ! 'ಬೇಕಾದ್ರೆ ನನ್ನ ಕಟೌಟ್ ಕಿತ್ತಾಕಿ, ಈ ಮರದ ಒಂದು ಎಲೇನೂ ಮುಟ್ಟಬೇಡಿ' ಅಂದ್ರು!"

ಇಡೀ ಉದ್ಯಾನ ಚಪ್ಪಾಳೆ ತಟ್ಟಿತು. ಪುಟ್ಟಶಾಮಯ್ಯನವರ ಬಾಯಿ ತೆರೆದದ್ದು ತೆರೆದೇ ಇತ್ತು. ಮುದುಕರೊಬ್ಬರು ಬಂದು ಅವರ ಕೈ ಹಿಡಿದು ಕಣ್ಣೊರೆಸಿಕೊಂಡರು. ಆಗಲೇ ನಾಲ್ಕು ಜನ ಕಟೌಟ್ ಇಳಿಸತೊಡಗಿದ್ದರು.

"ನೀವೂ ಒಂದ್ ಮಾತು ಹೇಳಿ ಸಾರ್," ಎಂದು ನಿಂಗಾಜಮ್ಮ ವೇದಿಕೆಯಿಂದ ಇಳಿದು ಬಂದು ಮೈಕ್ ಕೊಟ್ಟಳು.

ಸಾಹೇಬರು ಬೆವರು ಒರೆಸಿಕೊಂಡು ಜನರತ್ತ ನೋಡಿದರು.

"ಹೌದು... ನಾನೇ ಹೇಳಿದ್ದು."