ಕೋಳಿಗೂಡಿನ ಅಗ್ಗಿಷ್ಟಿಕೆ

ಮಾಗಿಯ ಒಂದು ಬೆಳಿಗ್ಗೆ ಗುಡ್ಡದ ಆಶ್ರಮಕ್ಕೆ ಆಘಾತಕಾರಿ ಸುದ್ದಿಯೊಂದು ಬಂದೆರಗಿತು. ಬೂದು ಬಣ್ಣದ ಕೋಳಿ ಒಂಟಿ ಕಾಲಿನಲ್ಲಿ ನಿಂತಿತ್ತು.

ಸುದ್ದಿ ತಂದವನು ಐತಪ್ಪ, ಕರಾವಳಿಯಿಂದ ಬಂದ ಹೊಸ ಶಿಷ್ಯ. ಚಳಿ ಎಂಬುದನ್ನು ಅವನು ಕಂಡದ್ದೇ ಆ ವರ್ಷ. ಕೋಳಿಗಳನ್ನು ನೋಡಿಕೊಳ್ಳುವ ಕೆಲಸವೂ ಅವನಿಗೇ ಬಿದ್ದಿತ್ತು.

“ಬುದ್ಧಿ, ಒಂದೇ ಕಾಲಲ್ಲಿ ನಿಂತುಂಟು.”

“ಇನ್ನೊಂದು ಕಾಲು?”

“ಪುಕ್ಕದ ಒಳಗೆ ಮಡಚಿಕೊಂಡುಂಟು.”

“ಹಾಗಿದ್ರೆ ಕಳೆದುಹೋಗಿಲ್ಲ,” ಎಂದು ಗುರುಗಳು ಗಂಜಿಯತ್ತ ತಿರುಗಿದರು.

ಐತಪ್ಪನಿಗೆ ಸಮಾಧಾನವಾಗಲಿಲ್ಲ. ಅವು ಸಾಮಾನ್ಯ ಕೋಳಿಗಳಲ್ಲ, ಗುಡ್ಡದ ದೇವರಿಗೆ ಊರವರು ಬಿಟ್ಟ ಹರಕೆ ಕೋಳಿಗಳು. ಸಂಕ್ರಾಂತಿಯ ಮರುದಿನ ದೇವರ ಹೆಸರಿನಲ್ಲಿ ಅವನ್ನು ಕತ್ತರಿಸಿ, ತಮ್ಮ ಹೆಸರಿನಲ್ಲಿ ಉಣ್ಣುವುದು ಊರಿನ ಪದ್ಧತಿ. ಈ ಸಲ ಗುರುಗಳು ಅಡ್ಡ ಬಂದು ಕೋಳಿಗಳನ್ನು ಕೇಳಿ ಪಡೆದಿದ್ದರು.

ಊರ ಯಜಮಾನರಾದ ಬಂಗಾರಶೆಟ್ಟರು ಇಲ್ಲ ಎನ್ನಲಿಲ್ಲ. ಒಂದು ಷರತ್ತು ಹಾಕಿದರು. ಸಂಕ್ರಾಂತಿಯ ತನಕ ಎಲ್ಲವೂ ಬದುಕಿದ್ದರೆ ಇನ್ನು ಮುಂದೆ ಕತ್ತಿ ಎತ್ತುವುದಿಲ್ಲ. ಒಂದು ಸತ್ತರೂ ದೇವರು ತನ್ನ ಪಾಲು ಕೇಳಿದ ಎಂದೇ ಅರ್ಥ, ಮಿಕ್ಕವೆಲ್ಲ ಸಾರಿಗೆ.

ದೇವರು ಕೇಳುವ ಮೊದಲೇ ಐತಪ್ಪ ಕಾರ್ಯಪ್ರವೃತ್ತನಾದ. ಗೂಡಿನ ಕಿಂಡಿಗಳಿಗೆಲ್ಲ ಗೋಣಿ ತುರುಕಿದ. ಮಾಡಿನ ಕೆಳಗಿದ್ದ ಸಂದಿಗೆ ಸಗಣಿ ಮೆತ್ತಿದ. ನೆಲಕ್ಕೆ ಹುಲ್ಲು ಹಾಸಿ, ಹುಲ್ಲಿನ ನಡುವೆ ಕೆಂಡ ತುಂಬಿದ ಅಗ್ಗಿಷ್ಟಿಕೆ ಇಟ್ಟ. ಇರುವೆಯೂ ಅಪ್ಪಣೆ ಕೇಳದೆ ಒಳಗೆ ಬರುವಂತಿರಲಿಲ್ಲ.

ಸಂಜೆ ಕೋಳಿಗಳು ಬಂದವು. ಬಾಗಿಲಲ್ಲಿ ಕತ್ತು ಚಾಚಿ ಒಳಗೆ ನೋಡಿದವು. ಆಮೇಲೆ, ಒಂದರ ಹಿಂದೆ ಒಂದು, ಹತ್ತಿರದ ಹೊಂಗೆ ಮರ ಹತ್ತಿ ಕೂತವು.

“ಬನ್ನಿ, ಒಳಗೆ ಬೆಚ್ಚಗುಂಟು,” ಎಂದು ಐತಪ್ಪ ಮರದ ಬುಡದಲ್ಲಿ ನಿಂತು ಬೇಡಿಕೊಂಡ. ನಂಬಿಕೆ ಬರಲೆಂದು ತಾನೇ ಗೂಡಿನೊಳಗೆ ಹೋಗಿ ಕೂತು ತೋರಿಸಿದ.

ನಂಬಿದ್ದು ಕೋಳಿಗಳಲ್ಲ, ಉಳಿದ ಶಿಷ್ಯರು. ಭಜನೆಗೆ ಹೊರಟಿದ್ದ ಒಬ್ಬ ಇಣುಕಿ ನೋಡಿ, “ಸ್ವಲ್ಪ ಸರ್ಕೊಳ್ಳೊ,” ಎಂದ. ಅವನ ಹಿಂದೆ ಇನ್ನೊಬ್ಬ. ಕೊನೆಗೆ ಬಂದವನು ಬಾಗಿಲು ಹಾಕಿಕೊಂಡ.

ಭಜನೆಯ ಹೊತ್ತಿಗೆ ಗುರುಗಳು ಮಂಟಪಕ್ಕೆ ಬಂದರು. ಅಲ್ಲಿ ತಾಳಗಳಿದ್ದವು, ತಟ್ಟುವವರು ಇರಲಿಲ್ಲ. ಕಿವಿಗೊಟ್ಟರು. ಕೋಳಿಗೂಡಿನಿಂದ ಭಕ್ತಿಗೀತೆ ಕೇಳಿಸಿತು. ಅದು ಮೆಲ್ಲಗಾಯಿತು. ಮಧ್ಯದ ಸಾಲಿನಲ್ಲಿ ನಿಂತೇಹೋಯಿತು.

ಗುರುಗಳು ಓಡಿದರು. ಅವರು ಓಡಿದ್ದನ್ನು ಅದುವರೆಗೆ ಆಶ್ರಮದಲ್ಲಿ ಯಾರೂ ಕಂಡಿರಲಿಲ್ಲ. ಆಗಲೂ ನೋಡಿದ್ದು ಕೋಳಿಗಳು ಮಾತ್ರ.

ಬಾಗಿಲು ಒದ್ದು ತೆರೆದರು. ಕಿಂಡಿಯ ಗೋಣಿ ಎಳೆದು ಬಿಸಾಡಿದರು. ತೂಕಡಿಸುತ್ತಿದ್ದವರನ್ನು ರಟ್ಟೆ ಹಿಡಿದು ಒಬ್ಬೊಬ್ಬರನ್ನಾಗಿ ಹೊರಗೆ ಎಳೆದರು. ಅಗ್ಗಿಷ್ಟಿಕೆ ಹೊರತಂದು ಕೆಂಡಕ್ಕೆ ನೀರು ಸುರಿದರು.

“ಬುದ್ಧಿ, ಸಮಾಧಿ ಸ್ಥಿತಿ ಬಂದಿತ್ತು,” ಎಂದ ಒಬ್ಬ, ತಲೆ ಹಿಡಿದುಕೊಂಡು.

“ಇನ್ನೊಂದು ಗಳಿಗೆ ಬಿಟ್ಟಿದ್ರೆ ಸಮಾಧಿನೇ ಕಟ್ಟಬೇಕಿತ್ತು. ಉಸಿರು ಎಳ್ಕೊಳ್ಳಿ. ಮೊದಲು ಗಾಳಿ, ಜ್ಞಾನ ಆಮೇಲೆ.”

ಎಲ್ಲರೂ ಉಸಿರೆಳೆದುಕೊಂಡರು. ಐತಪ್ಪ ತಲೆ ತಗ್ಗಿಸಿದ.

“ಹುಲ್ಲಿನ ಮಧ್ಯೆ ಕೆಂಡ ಇಟ್ಟಿದ್ದೀಯಲ್ಲ ಮಗಾ, ಕಾಮನ ಹಬ್ಬ ಇನ್ನೂ ದೂರ ಇದೆ.”

“ಅವಕ್ಕೆ ಚಳಿ ಆಗ್ತಾ ಉಂಟು ಅಂತ...”

“ಅವು ಹೇಳಿದ್ವಾ?”

“ಇಲ್ಲ. ನನಗೆ ಆಗ್ತಾ ಇತ್ತು.”

“ಅದು ನಿಜ,” ಎಂದು ಗುರುಗಳು ಅವನನ್ನು ಬಾಗಿಲಲ್ಲಿ ಬಗ್ಗಿಸಿ, ಕೈಯನ್ನು ಗೂಡಿನ ಒಳಗೋಡೆಗೆ ಒತ್ತಿದರು.

ಗೋಡೆ ಒದ್ದೆಯಾಗಿತ್ತು. ಮಾಡಿನಿಂದ ಒಂದು ಹನಿ ಐತಪ್ಪನ ಕತ್ತಿನ ಮೇಲೆ ಬಿತ್ತು. ಅವನು ನಡುಗಿದ.

“ನಿಮ್ಮ ಉಸಿರೇ ಅದು. ಹೋಗೋಕೆ ದಾರಿ ಇಲ್ದೆ ನೀರಾಗಿ ವಾಪಸ್ ಬಂದಿದೆ. ಕೋಳಿ ಹುಟ್ಟುವಾಗಲೇ ಕಂಬಳಿ ಹೊದ್ಕೊಂಡು ಬಂದಿದೆ. ಅದನ್ನ ನೆನೆಸಬೇಡ, ಸಾಕು.”

“ಬೆಂಕಿ ಇಲ್ಲದೆ ಬೆಚ್ಚಗೆ ಆಗುವುದು ಹೇಗೆ ಬುದ್ಧಿ?”

ಗುರುಗಳು ಮರದತ್ತ ಬೆರಳು ತೋರಿಸಿದರು. ಕೊಂಬೆಯ ಮೇಲೆ ಕೋಳಿಗಳು ಮೈಗೆ ಮೈ ಒತ್ತಿ, ಪುಕ್ಕ ಉಬ್ಬಿಸಿ, ಒಂದೇ ಮೂಟೆಯಂತೆ ಕೂತಿದ್ದವು.

“ಅದರಲ್ಲಿ ಯಾವುದು ಒಲೆ, ಯಾವುದು ಚಳಿ ಕಾಯಿಸ್ತಾ ಇರೋದು, ಆರಿಸಿ ಹೇಳು.”

ಐತಪ್ಪ ಬಹಳ ಹೊತ್ತು ನೋಡಿದ. ಆರಿಸಲಾಗಲಿಲ್ಲ. ಅವನಿಗೇ ತಿಳಿಯದಂತೆ ಪಕ್ಕದವನ ಹತ್ತಿರ ಸರಿದಿದ್ದ. ಪಕ್ಕದವನು ಬೇಡವೆನ್ನಲಿಲ್ಲ.

“ಹಾಗಂತ ಮರದ ಮೇಲೇ ಬಿಡೋದಲ್ಲ. ಅಲ್ಲಿ ಗಾಳಿಯೂ ಬರುತ್ತೆ, ಕಾಡುಬೆಕ್ಕೂ ಬರುತ್ತೆ. ಕೆಲಸ ಶುರು ಮಾಡಿ.”

ಮಾಡಿನ ಕೆಳಗಿನ ಸಗಣಿ ಕೆರೆದು ಸಂದಿ ಬಿಡಿಸಿದರು. ಕೋಳಿ ಕೂರುವ ಎತ್ತರದಲ್ಲಿ ಗಾಳಿ ನೇರ ಹೊಡೆಯುತ್ತಿದ್ದ ಕಿಂಡಿಗೆ ಮಾತ್ರ ಮತ್ತೆ ಗೋಣಿ ತುರುಕಿದರು. ನೆಲದ ಒದ್ದೆಯಾದ ಹುಲ್ಲು ತೆಗೆದು ಒಣಹುಲ್ಲು ದಪ್ಪಗೆ ಹಾಸಿದರು. ಗುರುಗಳು ಕೋಳಿ ಕೂರಲೆಂದು ಕಟ್ಟಿದ್ದ ಸಣ್ಣ ಬಿದಿರಿನ ಗಳ ಕಿತ್ತು, ತಾವು ಕೂರುತ್ತಿದ್ದ ಮಣೆಯನ್ನು ತಂದು ಅದರ ಜಾಗಕ್ಕೆ ಬಿಗಿದರು.

“ಬುದ್ಧಿ, ಅದು ನಿಮ್ಮ ಪೀಠ.”

“ಅಗಲ ಇದೆ. ಕೋಳಿ ಕೂತಾಗ ಪಾದ ಹೊಟ್ಟೆಯಡಿ ಮುಚ್ಚಿಹೋಗುತ್ತೆ. ನಂಗೆ ಹೊಟ್ಟೆಯಡಿ ಪುಕ್ಕ ಇಲ್ಲ, ಉಪಯೋಗ ಆಗ್ತಿರಲಿಲ್ಲ.”

ಕೋಳಿಗಳನ್ನು ಮರದಿಂದ ಇಳಿಸಿ ಒಳಗೆ ಬಿಟ್ಟರು. ಅವು ಪೀಠವನ್ನು ಪರೀಕ್ಷಿಸಿದವು, ಹತ್ತಿದವು, ಒತ್ತಿಕೊಂಡು ಕೂತವು. ಯಾವುದೂ ಧನ್ಯವಾದ ಹೇಳಲಿಲ್ಲ.

ಅಲ್ಲಿಂದ ಮುಂದೆ ಐತಪ್ಪ ದಿನಾ ಸಂಜೆ ಕಾಳು ಹಾಕುತ್ತಿದ್ದ, ಬೆಳಿಗ್ಗೆ ಉಗುರು ಬೆಚ್ಚಗಿನ ನೀರು ಇಡುತ್ತಿದ್ದ. ಒಂಟಿ ಕಾಲಿನ ವರದಿಗಳನ್ನು ನಿಲ್ಲಿಸಿದ.

ಸಂಕ್ರಾಂತಿಯ ಮರುದಿನ ಬಂಗಾರಶೆಟ್ಟರು ಊರವರನ್ನೆಲ್ಲ ಕರೆದುಕೊಂಡು ಬಂದರು. ಜೊತೆಗೆ ದೊಡ್ಡ ಪಾತ್ರೆಯೂ ಬಂದಿತ್ತು. ಗೂಡಿನ ಮುಂದೆ ನಿಂತು ಎಣಿಸಿದರು. ಮತ್ತೆ ಎಣಿಸಿದರು. ಒಂದೂ ಕಡಿಮೆ ಇರಲಿಲ್ಲ. ಮೂಲೆಯ ಹುಲ್ಲಿನಲ್ಲಿ ಒಂದು ಹೇಂಟೆ ಮುನಿಸಿಕೊಂಡಂತೆ ಎದ್ದು ನಿಂತಿತು. ಅದರ ಅಡಿಯಿಂದ ಮರಿಗಳು ಉದುರಿ ಚೀಂಗುಟ್ಟುತ್ತ ಓಡಾಡಿದವು.

“ಇವು ಯಾರ ಲೆಕ್ಕ?” ಎಂದರು ಶೆಟ್ಟರು.

“ದೇವರೇ ಬಿಟ್ಟ ಹರಕೆ,” ಎಂದ ಐತಪ್ಪ.

ಶೆಟ್ಟರಿಗೆ ನಗು ತಡೆಯಲಾಗಲಿಲ್ಲ. ಊರೆಲ್ಲ ನಕ್ಕಿತು. ಕತ್ತಿ ತಂದಿದ್ದವನು ಅದನ್ನು ಬೆನ್ನ ಹಿಂದೆ ಸರಿಸಿ, ತಾನೂ ನಕ್ಕ.

“ಮಾತು ಮಾತೇ ಬುದ್ಧಿ. ಇನ್ನು ಕಡಿಯಲ್ಲ,” ಎಂದರು ಶೆಟ್ಟರು. ಖಾಲಿ ಪಾತ್ರೆಯನ್ನು ನೋಡಿ ಮುಖ ಕೊಂಚ ಬಾಡಿತು. “ಆದ್ರೆ ಇವತ್ತು ಊರಿಗೆ ಊಟ ಏನು?”

ಗುರುಗಳು ಹೇಳಿದರು: “ಅವರೆಕಾಳಿನ ಸಾರು.”