ಸಕ್ಕರೆಯನ್ನು ಮಣ್ಣು ಮಾಡುವ ಎಲೆ

ಹತ್ತಿರ ಬನ್ನಿ ಮಕ್ಕಳಾ, ಗಲಾಟೆ ಸಾಕು. ಏಳು ಕೆರೆ ದಾಟಿದರೆ ಒಂದು ರಾಜ್ಯ, ಅದಕ್ಕೆ ಭೈರಭೂಪ ಅಂತ ಒಬ್ಬ ರಾಜ. ಕೂತರೆ ಏಳಬೇಕು ಅನಿಸುತ್ತಿತ್ತು, ಎದ್ದರೆ ನಡೆಯಬೇಕು ಅನಿಸುತ್ತಿತ್ತು, ನಾಲ್ಕು ಹೆಜ್ಜೆ ನಡೆದರೆ ಸುಸ್ತು. ಕೊಡಗಟ್ಟಲೆ ನೀರು ಕುಡಿದರೂ ಬಾಯಿ ಒಣಗುತ್ತಿತ್ತು. ಬಚ್ಚಲಿಗೆ ಹೋಗಿ ಬಂದರೆ ಅಲ್ಲಿ ಇರುವೆ ಮುತ್ತುತ್ತಿದ್ದವು. ಕಾಲ್ಬೆರಳಿನ ಸಣ್ಣ ಗಾಯ ಮಾಯುತ್ತಲೇ ಇರಲಿಲ್ಲ.

ಅರಮನೆಯ ವೈದ್ಯ ತಿಮ್ಮಪಂಡಿತ ನಾಡಿ ಹಿಡಿದು ನೋಡಿದ. "ಇದು ಸಿಹಿಮೂತ್ರ, ಮಹಾಸ್ವಾಮಿ. ಬೆಲ್ಲ ಬಿಡಿ, ಹೋಳಿಗೆ ಬಿಡಿ, ದಿನಾ ನಡೀರಿ, ಕಷಾಯ ಕುಡೀರಿ. ಇನ್ನೇನಾದರೂ ತೊಂದರೆ ಇದೆಯಾ?"

ಇತ್ತು. ಗಂಡಸುತನ ಕುಗ್ಗಿತ್ತು. ಅದನ್ನು ಹೇಳೋಕೆ ರಾಜನಿಗೆ ಬಾಯಿ ಬರಲಿಲ್ಲ. "ಏನೂ ಇಲ್ಲ" ಅಂದುಬಿಟ್ಟ. ರಾಣಿ ಚೆಲುವಾಂಬೆ ಕೇಳಿದಾಗಲೂ "ಏನೂ ಇಲ್ಲ" ಅಂದು ಗೋಡೆ ಕಡೆ ತಿರುಗಿದ. ಪಾಪ, ಯುದ್ಧದಲ್ಲಿ ಆನೆಗೆ ಹೆದರದವನು ಹೆಂಡತಿಯ ಮುಖ ನೋಡೋಕೆ ಹೆದರಿದ.

ಅಷ್ಟರಲ್ಲಿ ಊರಿಗೆ ಮೂಲಿಕೆಸಿದ್ಧ ಅನ್ನೋನು ಬಂದ. ಮೊಳದುದ್ದ ಜಡೆ, ಮಾರುದ್ದ ಮಾತು. "ನನ್ನ ಎಲೆ ಅಗಿದರೆ ಸಕ್ಕರೆ ಮಣ್ಣಾಗುತ್ತೆ! ಗಂಡಸರಿಗೆ ಹೋರಿಯ ಕಸುವು ಬರುತ್ತೆ!" ಅಂತ ಸಂತೆಯಲ್ಲಿ ಕೂಗಿದ. ರಾಜ ಅವನನ್ನು ಹಿತ್ತಿಲ ಬಾಗಿಲಿಂದ ಕರೆಸಿಕೊಂಡ. ಮನೆಯವರಿಗೆ ಹೇಳದ್ದನ್ನೆಲ್ಲ ದಾರಿಹೋಕನಿಗೆ ಹೇಳಿಕೊಂಡ.

ಸಿದ್ಧ ಎಲೆ ಅಗಿಸಿ, ಬಾಯಿಗೆ ಸಕ್ಕರೆ ಹಾಕಿದ. ಅರೆ, ಮರಳು ತಿಂದ ಹಾಗಿದೆ! ಬೆಲ್ಲ ಹಾಕಿದ, ಸಿಹಿಯಿಲ್ಲ. ಜೇನು ಹಾಕಿದ, ಸಿಹಿಯಿಲ್ಲ.

"ನೋಡಿದಿರಾ ಪ್ರಭು? ನಾಲಿಗೆಗೆ ತಿಳಿಯದ್ದು ಮೈಗೂ ತಿಳಿಯಲ್ಲ. ಎಲೆ ಅಗೀರಿ, ಹೋಳಿಗೆ ಹೊಡೀರಿ!"

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ರಾಜ ಪಂಡಿತನನ್ನು ಮನೆಗೆ ಕಳಿಸಿಬಿಟ್ಟ. ಒಂದು ಹೋಳಿಗೆ ತಿಂದ, ರುಚಿ ಹತ್ತಲಿಲ್ಲ. ಹತ್ತೀತು ಅಂತ ಇನ್ನೊಂದು ತಿಂದ, ಮತ್ತೊಂದು ತಿಂದ. ಬಾಯಾರಿಕೆ ಹೆಚ್ಚಿತು, ಚಡಪಡಿಕೆ ಹೆಚ್ಚಿತು. "ಕಸುವು ಎಲ್ಲಯ್ಯಾ?" ಅಂದರೆ, "ದಾರಿಯಲ್ಲಿದೆ ಪ್ರಭು" ಅಂತಿದ್ದ ಸಿದ್ಧ.

ಒಂದು ಬೆಳಿಗ್ಗೆ ರಾಣಿ ರಾಜನ ಕಾಲು ನೋಡಿದಳು. ಬೆರಳು ಕಪ್ಪಾಗಿತ್ತು. ಅವಳು ಎದುರಿಗೇ ಕೂತಳು, ಏಳಲೇ ಇಲ್ಲ. ಕೊನೆಗೆ ರಾಜ ಎಲ್ಲವನ್ನೂ ಹೇಳಿ ಅತ್ತ.

"ನನ್ನ ಹತ್ರ ನಾಚಿಕೆ, ಬೀದೀಲಿ ಹೋಗೋನ ಹತ್ರ ನಾಚಿಕೆ ಇಲ್ವಾ ನಿಮಗೆ?" ಅಂದಳು ರಾಣಿ. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

ಆವತ್ತೇ ಸಿದ್ಧನನ್ನು ಸಭೆಗೆ ಕರೆಸಿ, ಮೂರು ಉಂಡೆ ಮುಂದಿಟ್ಟಳು. "ಇದರೊಳಗೆ ಹರಳೆಣ್ಣೆ ಇದೆ ಸ್ವಾಮಿ. ಬೆಲ್ಲದ ಪಾಕ ಸುತ್ತಿದ್ದೀನಿ, ನಾಲಿಗೆಗೆ ತಿಳಿಯಲ್ಲ. ತಿನ್ನಿ."

"ಇವತ್ತು ನನಗೆ ಉಪವಾಸ, ತಾಯಿ."

"ಇದರಲ್ಲಿ ಭೇದಿಯ ಜಾಪಾಳ. ಇದೂ ನಾಲಿಗೆಗೆ ತಿಳಿಯಲ್ಲ. ತಿನ್ನಿ."

"ಗುರುಗಳ ಅಪ್ಪಣೆ ಇಲ್ಲ, ತಾಯಿ."

"ಇದರಲ್ಲಿ ಉಮ್ಮತ್ತಿ ಬೀಜದ ವಿಷ. ನಾಲಿಗೆಗೆ ತಿಳಿಯದ್ದು ಮೈಗೂ ತಿಳಿಯಲ್ಲ ಅಂದಿದ್ದು ನೀವೇ ತಾನೆ? ಬಾಯಿ ತೆಗೀರಿ!"

ಸಿದ್ಧ ದೊಪ್ಪನೆ ಕಾಲಿಗೆ ಬಿದ್ದ. "ನಾಲಿಗೆಗೆ ತಿಳಿಯದಿದ್ರೇನು ತಾಯಿ, ಹೊಟ್ಟೆಗೆ ತಿಳಿಯುತ್ತಲ್ಲಾ!"

ಸಭೆಯೆಲ್ಲ ನಕ್ಕಿತು. ರಾಜ ನಗಲಿಲ್ಲ. ತನ್ನ ಕಾಲನ್ನೇ ನೋಡುತ್ತಾ ಕೂತಿದ್ದ.

ಸಿದ್ಧನಿಗೆ ಜಡೆ ಬೋಳಿಸಿ, "ಹೊಟ್ಟೆಗೆ ತಿಳಿಯುತ್ತೆ" ಅಂದ ಮಾತನ್ನೇ ಸಂತೆಸಂತೆಯಲ್ಲಿ ಕೂಗಿಸಿ ಗಡಿ ದಾಟಿಸಿದರು. ರಾಜ ತಾನೇ ಕುಂಟುತ್ತಾ ತಿಮ್ಮಪಂಡಿತನ ಮನೆಗೆ ಹೋದ. ಈ ಸಲ ಒಂದನ್ನೂ ಮುಚ್ಚಿಡಲಿಲ್ಲ.

"ಗಂಡಸುತನ ಕುಗ್ಗೋದೂ ಅದೇ ಕಾಯಿಲೆಯ ಮರಿ. ಮೊದಲೇ ಹೇಳಬಾರದಿತ್ತಾ, ಮಹಾಸ್ವಾಮಿ?" ಅಂದ ಪಂಡಿತ. "ಎಲೆ ಒಳ್ಳೇದೇ. ಸುಳ್ಳು ಹೇಳಿದ್ದು ಎಲೆಯಲ್ಲ."

ಬೆರಳು ಕತ್ತರಿಸಬೇಕಾಯಿತು, ಜೀವ ಉಳಿಯಿತು. ಪಥ್ಯ ಹಿಡಿದ ಮೇಲೆ ಬಾಯಾರಿಕೆ ತಗ್ಗಿತು, ನಿದ್ದೆ ಬಂತು. ಕಸುವು ಬಂತೋ ಇಲ್ಲವೋ ರಾಣಿಯನ್ನು ಕೇಳಬೇಕು. ರಾಜ ಮಾತ್ರ ಗೋಡೆ ಕಡೆ ತಿರುಗಿ ಮಲಗೋದನ್ನು ಬಿಟ್ಟ.

ಅದಕ್ಕೇ ಹೇಳೋದು ಮಕ್ಕಳಾ: ನಾಚಿಕೆಯಿಂದ ಬಚ್ಚಿಟ್ಟ ರೋಗದಿಂದ ಹೊಟ್ಟೆ ತುಂಬೋದು ಮೋಸಗಾರನದು. ನೋವನ್ನು ನಮ್ಮವರಿಗೆ ಹೇಳಬೇಕು, ವೈದ್ಯನಿಗೆ ಪೂರ್ತಿ ಹೇಳಬೇಕು.